ಜಗಲಿಗೆ ಬಂದ ವೆಂಬ್ಲಿ

"ತಿರುಗಿಸ್ಬೇಡಿ! ದಮ್ಮಯ್ಯ, ಅದನ್ನು ತಿರುಗಿಸ್ಬೇಡಿ!"

ಈಶ್ವರಿ ಬೆಚ್ಚಿಬಿದ್ದಳು. ರೇಡಿಯೋದ ಗುಂಡಿಯ ಮೇಲಿದ್ದ ಕೈ ಹಾಗೆಯೇ ನಿಂತಿತು.

ಅಂಗಳದಲ್ಲಿ ಯಾರೋ ಅಪರಿಚಿತ! ಕಂಕುಳಲ್ಲಿ ಚೆಂಡು, ಮೊಣಕಾಲಿನವರೆಗೆ ಕೆಂಪು ಧೂಳು. ಬೇಲಿ ಹಾರಿ ಓಡಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದ.

"ಯಾರು ನೀವು? ಎಂತ ಬೇಕು?"

"ನಾನು ಗೌರೀಶಂಕರ... ಶಾಲೆಗೆ ಹೊಸದಾಗಿ ಬಂದ ಡ್ರಿಲ್ ಮಾಸ್ಟ್ರು. ಅದು ಬಿಡಿ, ಆ ಸ್ಟೇಷನ್ ಹಾಗೇ ಇರ್ಲಿ!"

"ಇದ್ರಲ್ಲಿ ಎಂತ ಉಂಟು? ಬರೀ ಕೊರ್ರ್ ಅಂತ ಶಬ್ದ. ರೇಡಿಯೋ ಹಾಳಾಗಿದೆ."

"ಹಾಳಾದದ್ದಲ್ಲ ಮಾರಾಯ್ರೆ... ಅದು ಜನ! ಲಂಡನಿನ ವೆಂಬ್ಲಿ ಮೈದಾನದಲ್ಲಿ ಲಕ್ಷ ಜನ ಒಟ್ಟಿಗೆ ಕೂಗುವ ಶಬ್ದ!"

ಲಕ್ಷ ಜನ! ಪುತ್ತೂರು ಪೇಟೆಯನ್ನು ಇಡೀ ಖಾಲಿ ಮಾಡಿ ತಂದರೂ ಅಷ್ಟಾಗಲಿಕ್ಕಿಲ್ಲ. ಈಶ್ವರಿಗೆ ನಂಬಿಕೆ ಬರಲಿಲ್ಲ. ಆದರೂ ಕಿವಿ ಹತ್ತಿರ ತಂದಳು. ಆ ಕೊರ್ರ್ ಶಬ್ದ ಮೆಲ್ಲನೆ ಏರಿತು... ಇನ್ನೂ ಏರಿತು... ಒಮ್ಮೆಲೇ ಒಡೆದು ಜಗಲಿಯೆಲ್ಲ ತುಂಬಿಕೊಂಡಿತು.

ಅಯ್ಯೋ ದೇವರೇ, ಹೌದಲ್ಲ! ಇದು ಮನುಷ್ಯರದ್ದೇ ಸ್ವರ!

"ಗೋಲ್!" ಎಂದು ಅವನು ಅಂಗಳದಲ್ಲೇ ಕುಣಿದ. ಕಂಕುಳಿನ ಚೆಂಡು ಜಾರಿ ತುಳಸಿಕಟ್ಟೆಯ ಹತ್ತಿರ ಉರುಳಿತು.

ಒಳಗಿನಿಂದ ಗೋದಾವರಿ ಅತ್ತೆಯ ಸ್ವರ ಬಂತು. "ಯಾರದು ಈಶ್ವರೀ?"

"ಲಂಡನಿನವರು ಅತ್ತೆ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ನಕ್ಕ. ಆ ನಗು ನೋಡಿ ಅವಳ ಎದೆ ಒಂದು ಕ್ಷಣ ಹೊಡೆದುಕೊಳ್ಳುವುದನ್ನೇ ಮರೆಯಿತು.

ಅದು ಅರವತ್ತನಾಲ್ಕನೇ ಇಸವಿಯ ಮೇ ತಿಂಗಳು. ಈಗಿನವರಿಗೆ ನಗು ಬಂದೀತು, ಆದರೆ ಆಗ ಆ ಓಣಿಗೆಲ್ಲ ಇದ್ದದ್ದು ಒಂದೇ ರೇಡಿಯೋ. ಜವಳಿ ಅಂಗಡಿ ಮಹಾಗಣಪತಿ ಭಟ್ಟರದ್ದು. ಗಡಿಗೆಯಷ್ಟು ದೊಡ್ಡ ಬ್ಯಾಟರಿ, ತೆಂಗಿನಮರಕ್ಕೆ ಕಟ್ಟಿದ ಉದ್ದದ ತಂತಿ, ಮೇಲೆ ಹೊದೆಸಲು ಮಗಳು ಕಸೂತಿ ಹಾಕಿದ ಬಟ್ಟೆ. ದೇವರ ಕೋಣೆಗಿಂತ ಒಂದು ಕೈ ಹೆಚ್ಚೇ ಮರ್ಯಾದೆ ಅದಕ್ಕೆ!

ಈಶ್ವರಿ ಭಟ್ಟರ ಒಬ್ಬಳೇ ಮಗಳು. ತಾಯಿ ಇಲ್ಲ. ಅಪ್ಪನ ತಂಗಿ ಗೋದಾವರಿಯೇ ಸಾಕಿದ್ದು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ, ಇನ್ನು ಮದುವೆ ಎಂದು ಮನೆಯಲ್ಲಿದ್ದಳು.

ಭಟ್ಟರು ಫುಟ್‌ಬಾಲಿನ ಹೆಸರು ಕೇಳಿಯೇ ಮುಖ ಸಿಂಡರಿಸಿದರು. "ಅದು ಕಾಲು ಮುರಿಯುವ ಆಟ ಮಾಸ್ಟ್ರೇ! ಅದನ್ನು ಕೇಳುದೂ ಬೇಡ, ಆಡುದೂ ಬೇಡ."

ಆದರೆ ತಮ್ಮ ರೇಡಿಯೋ ಕೇಳಲು ನಾಲ್ಕು ಜನ ಬಂದು ಕೂತರೆ ಅವರಿಗೂ ಒಳಗೊಳಗೇ ಖುಷಿ. ಹಾಗಾಗಿ ಆಟ ಇದ್ದ ಶನಿವಾರಗಳಂದು ಸಂಜೆಯ ದೀಪ ಹಚ್ಚಿದ ಮೇಲೆ ಗೌರೀಶಂಕರ ಬರುವುದು ವಾಡಿಕೆಯಾಯಿತು. ಜೊತೆಗೆ ಅಕ್ಕಿ ಅಂಗಡಿಯ ಹೈದರ್, ಗದ್ದೆಯಲ್ಲಿ ಆಡುವ ಅವರ ತಂಡದ ಹುಡುಗರು.

ರೇಡಿಯೋ ಇಂಗ್ಲಿಷಿನಲ್ಲಿ ಬಡಬಡಿಸುವುದು, ಗೌರೀಶಂಕರ ಅದನ್ನು ಅಲ್ಲಲ್ಲಿಗೇ ಕನ್ನಡ ಮಾಡುವುದು. ಅವನು ಬೊಂಬಾಯಿಯಲ್ಲಿ ಸೋದರಮಾವನ ಹೋಟೆಲಿನಲ್ಲಿದ್ದು ಓದಿದವನು. ಬಂದರಿನ ಹತ್ತಿರದ ಹೋಟೆಲ್. ಊರೂರಿನ ಹಡಗಿನವರು ಚಾ ಕುಡಿಯುತ್ತ ಹೇಳಿದ ಆಟದ ಮೈದಾನಗಳೆಲ್ಲ ಅವನ ತಲೆಯಲ್ಲಿದ್ದವು.

"ಇದು ಆನ್‌ಫೀಲ್ಡ್. ಲಿವರ್‌ಪೂಲಿನದ್ದು. ಗೋಲಿನ ಹಿಂದೆ ಮೆಟ್ಟಿಲುಗಳ ಮೇಲೆ ಸಾವಿರಾರು ಜನ ನಿಂತುಕೊಂಡು ಹಾಡ್ತಾರೆ. ಎಲ್ಲರೂ ಒಟ್ಟಿಗೆ ಈಚೆ ವಾಲಿ, ಆಚೆ ವಾಲಿ..."

"ಬೀಳುದಿಲ್ವಾ?" ಹೈದರ್ ಕೇಳುವನು.

"ಬೀಳ್ಳಿಕ್ಕೆ ಜಾಗ ಬೇಡ್ವಾ ಮಾರಾಯ!"

ಗ್ಲಾಸ್ಗೋದ ಹ್ಯಾಂಪ್ಡನ್ ಮೈದಾನ ಕೂಗಿದರೆ ಮೈಲಿಗಟ್ಟಲೆ ಆಚೆ ಕೇಳುತ್ತದಂತೆ. ಕಲ್ಕತ್ತೆಯಲ್ಲಿ ಮೈದಾನದ ಸುತ್ತ ಮರ ಹತ್ತಿ ಕೂರುತ್ತಾರಂತೆ. ಬಾಗಿಲಿನ ಹಿಂದೆ ಹೂ ಕಟ್ಟುತ್ತ ಕೂತ ಈಶ್ವರಿ ಎಲ್ಲವನ್ನೂ ಕೇಳುತ್ತಿದ್ದಳು. ಮಾಲೆ ಮುಗಿದರೂ ಕೈಯಲ್ಲಿ ದಾರ ಹಿಡಿದೇ ಇರುತ್ತಿದ್ದಳು. ಕಳ್ಳಿ!

ಒಂದು ದಿನ ಅವನು ಬ್ರೆಜಿಲಿನ ರಿಯೋದ ಮರಕಾನ ಮೈದಾನದ ಕಥೆ ಹೇಳಿದ. ಐವತ್ತನೇ ಇಸವಿ, ವಿಶ್ವಕಪ್ಪಿನ ಕೊನೆಯ ಆಟ, ಎರಡು ಲಕ್ಷ ಜನ. ಬ್ರೆಜಿಲ್ ಗೆದ್ದೇ ಗೆಲ್ಲುತ್ತದೆಂದು ಎಲ್ಲರೂ ಕುಣಿಯುತ್ತಿರುವಾಗ ಉರುಗ್ವೆಯವರು ಎರಡನೇ ಗೋಲು ಹೊಡೆದರು. ಎರಡು ಲಕ್ಷ ಬಾಯಿ ಒಮ್ಮೆಲೇ ಮುಚ್ಚಿತು.

ಬಾಗಿಲಿನ ಹಿಂದಿನಿಂದ ತಡೆಯಲಾರದೆ ಒಂದು ಸ್ವರ ಬಂತು. "ಅಷ್ಟು ಜನ ಸುಮ್ಮನಾದ್ರೆ ಹೇಗಿರ್ತದೆ ಮಾಸ್ಟ್ರೇ?"

ಅವನು ಬಾಗಿಲ ಕಡೆ ತಿರುಗಿ ಮೆಲ್ಲಗೆ ಹೇಳಿದ. "ಅಲ್ಲಿದ್ದ ಹಡಗಿನವನು ಹೇಳಿದ್ದು... ಹೆಣ ಎತ್ತಿದ ಮನೆಯ ಅಂಗಳದ ಹಾಗೆ ಇತ್ತಂತೆ."

ಆವತ್ತಿನಿಂದ ಅವನು ಪ್ರತಿಯೊಂದನ್ನೂ ಬಾಗಿಲಿನ ಕಡೆಗೇ ನೋಡಿ ಹೇಳತೊಡಗಿದ. ಹುಡುಗರಿಗೆ ಗೊತ್ತಾಯಿತು. ಅತ್ತೆಗೂ ಗೊತ್ತಾಯಿತು. ಗೊತ್ತಾಗದೆ ಇದ್ದದ್ದು ಭಟ್ಟರಿಗೆ ಮಾತ್ರ!

ಎರಡು ವರ್ಷ ಹೀಗೇ ಕಳೆಯಿತು. ಕೊನೆಗೊಮ್ಮೆ ಗೌರೀಶಂಕರನ ಸೋದರಮಾವ ಬೊಂಬಾಯಿಯಿಂದ ಬಂದು ಜಾತಕ ಕೇಳಿದರು. ಜೋಯಿಸರು ನೋಡಿ, ಇಷ್ಟು ಚೆನ್ನಾಗಿ ಕೂಡಿದ್ದನ್ನು ತಾನು ಕಂಡದ್ದೇ ಕಡಿಮೆ ಎಂದರು. ಡ್ರಿಲ್ ಮಾಸ್ತರನೆಂದು ಮೊದಲು ಗೊಣಗಿದ ಭಟ್ಟರೂ ಕೊನೆಗೆ, "ಮಾತಾಡ್ಲಿಕ್ಕಾದರೂ ಬರ್ತದಲ್ಲ, ಬರ್ಲಿ" ಎಂದರು.

ಹೆಣ್ಣು ನೋಡುವ ದಿನ ಈಶ್ವರಿ ವೀಳ್ಯದ ತಟ್ಟೆ ತಂದಿಟ್ಟಳು. ಭಟ್ಟರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಹುಡುಗಿ ಒಪ್ಪಿಗೆಯಾದರೆ ಹುಡುಗ ಆ ತಟ್ಟೆಯಿಂದ ಎಲೆ ತೆಗೆದು ಅಲ್ಲೇ ಹಾಕಿಕೊಳ್ಳಬೇಕು. ಬೇಡವಾದರೆ ಮುಟ್ಟದೆ ಏಳುವುದು. ಬಾಯಿ ಬಿಟ್ಟು ಬೇಡ ಎನ್ನುವ ಕಷ್ಟ ಯಾರಿಗೂ ಇಲ್ಲ.

ಗೌರೀಶಂಕರ ಆವತ್ತು ಒಂದು ಮಾತೂ ಆಡಲಿಲ್ಲ! ಕೇಳಿದ್ದಕ್ಕೆಲ್ಲ ತಲೆಯಾಡಿಸಿದ. ಕಾಯಿಹಾಲು ಕೊಟ್ಟರೆ ತುಟಿಗೆ ತಾಗಿಸಿ ಇಟ್ಟ. ತಟ್ಟೆಯನ್ನು ಮುಟ್ಟದೆ ಕೈಮುಗಿದು ಎದ್ದುಹೋದ.

ಮಾತಿನ ಮಲ್ಲ ಹೀಗೆ ಬಾಯಿ ಮುಚ್ಚಿದ್ದು ಯಾಕೆ? 'ಹತ್ತಿರದಿಂದ ನೋಡಿದ ಮೇಲೆ ನಾನು ಬೇಡವಾದೆನಾ?' ಈಶ್ವರಿ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಭಟ್ಟರು ಕೆಂಡವಾದರು. "ನನ್ನ ಮಗಳ ಕೈಯ ವೀಳ್ಯ ಬಿಟ್ಟು ಹೋದನಲ್ಲ! ಅವರು ಹೇಳಿ ಕಳಿಸುವ ಮೊದಲು ನಾವೇ ಹೇಳುದು. ಜಾತಕ ಕೂಡ್ಲಿಲ್ಲ ಅಂತ ಹೇಳಿ ಕಳಿಸು ಗೋದಾವರಿ!"

ಸಂಬಂಧ ಬೇಡ ಎನ್ನಲು ನಮ್ಮ ಕಡೆ ಇರುವ ಮರ್ಯಾದೆಯ ಮಾತು ಅದು. ಆದರೆ ಈ ಜಾತಕ ಕೂಡಿದ್ದು ಗೌರೀಶಂಕರನಿಗೆ ಗೊತ್ತಿತ್ತಲ್ಲ! ಅವನು ತಿಳಿದುಕೊಂಡದ್ದು ಒಂದೇ. ಹುಡುಗಿಗೆ ಮನಸ್ಸಿಲ್ಲ.

ಮತ್ತೆ ಅವನು ಆ ಓಣಿಗೆ ಕಾಲಿಡಲಿಲ್ಲ.

ಭಟ್ಟರು ಹಟಕ್ಕೆ ಬಿದ್ದು ಗುತ್ತಿಗಾರಿನ ಕಡೆಯ ಸಂಬಂಧ ನೋಡಿದರು. ಆ ಸೋಮವಾರ ಅವರು ಮಾತು ಮುಗಿಸಲು ಬರುವವರಿದ್ದರು. ಅಪ್ಪ ಮಾತು ಕೊಟ್ಟರೆ ಮುಗಿಯಿತು. ಭಟ್ಟರ ಮಾತು ಹಿಂದೆ ಬರುವುದಿಲ್ಲ.

ಅದಕ್ಕೆ ಮೊದಲಿನ ಶನಿವಾರ, ಅರವತ್ತಾರರ ಜುಲೈ ಮೂವತ್ತು. ವೆಂಬ್ಲಿಯಲ್ಲಿ ವಿಶ್ವಕಪ್ಪಿನ ಫೈನಲ್!

ಹೈದರ್ ಹುಡುಗರನ್ನು ಕಟ್ಟಿಕೊಂಡು ಬಂದ. "ಭಟ್ಟ್ರೇ, ಇವತ್ತೊಂದು ದಿನ ರೇಡಿಯೋ ಕೇಳ್ಸಿ. ಪುಣ್ಯ ಬರ್ತದೆ ನಿಮಗೆ."

"ಕೇಳಿ. ಆದ್ರೆ ಆ ಮನುಷ್ಯ ಬರ್ಬಾರ್ದು."

ರೇಡಿಯೋ ಹಾಕಿದರು. ವೆಂಬ್ಲಿ ಭೋರ್ಗರೆಯಿತು. ಇಂಗ್ಲಿಷು ಸರಸರ ಓಡಿತು. ಹುಡುಗರು ಪಿಳಿಪಿಳಿ ಮುಖ ನೋಡಿಕೊಂಡರು.

"ಯಾರಿಗೆ ಗೋಲಾಯ್ತು?"

"ಗೊತ್ತಿಲ್ಲ ಮಾರಾಯ!"

"ಜರ್ಮನಿಗೆ." ಬಾಗಿಲಿನ ಹಿಂದಿನಿಂದ ಸ್ವರ ಬಂತು. "ಜರ್ಮನಿ ಮೊದಲ ಗೋಲು ಹೊಡೀತು."

ಎಲ್ಲರೂ ತಿರುಗಿದರು. ಎರಡು ವರ್ಷ ಅದೇ ಇಂಗ್ಲಿಷು, ಅದರ ಬೆನ್ನಿಗೇ ಅವನ ಕನ್ನಡ. ಕೇಳಿ ಕೇಳಿ ಈಶ್ವರಿಗೆ ಅದು ಪಾಠವಾಗಿತ್ತು. ಅವಳು ಹೊಸಿಲು ದಾಟಿ ಬಂದು ರೇಡಿಯೋದ ಪಕ್ಕ ಕೂತಳು. ಅಪ್ಪ ಏನೋ ಹೇಳಲು ಬಾಯಿ ತೆರೆದರು. ಅತ್ತೆ ಕಣ್ಣಲ್ಲೇ ಗದರಿದಳು.

"ಇಂಗ್ಲೆಂಡಿಗೂ ಗೋಲು! ಒಂದಕ್ಕೆ ಒಂದು... ಕೇಳಿ, ಜನ ಟೊಪ್ಪಿ ಹಾರಿಸ್ತಾ ಇರ್ಬೇಕು ಈಗ..."

ಅವಳ ಸ್ವರ ಏರುತ್ತ ಹೋಯಿತು. ಓಣಿಯ ಹೆಂಗಸರೂ ಬಂದು ನಿಂತರು. ಇಂಗ್ಲೆಂಡ್ ಗೆದ್ದೇಬಿಟ್ಟಿತು ಎನ್ನುವಾಗ ಕೊನೆಯ ನಿಮಿಷದಲ್ಲಿ ಜರ್ಮನಿ ಸಮ ಮಾಡಿತು. ಹೆಚ್ಚುವರಿ ಅರ್ಧ ಗಂಟೆಯ ಆಟ ಶುರುವಾಯಿತು.

"ಇಂಗ್ಲೆಂಡಿನವ ಹೊಡೆದ! ಚೆಂಡು ಗೋಲಿನ ಮೇಲಿನ ಅಡ್ಡಮರಕ್ಕೆ ಬಡಿದು ಕೆಳಗೆ ಬಿತ್ತು... ಗೋಲಾ? ಅಲ್ವಾ? ಅಯ್ಯೋ, ಎಂತ ಹೇಳ್ತಾರೆ ಗೊತ್ತಾಗುದಿಲ್ಲ ನನಗೆ!"

ಬೇಲಿಯಾಚೆ ಕತ್ತಲೆಯಿಂದ ಒಂದು ಸ್ವರ ಬಂತು. "ರೆಫರಿಗೇ ಸಂಶಯ. ಗೆರೆಯ ಹತ್ತಿರ ನಿಂತವನಲ್ಲಿ ಕೇಳ್ಲಿಕ್ಕೆ ಹೋಗಿದ್ದಾನೆ."

ಆ ಸ್ವರ! ಈಶ್ವರಿಯ ಮೈ ಜುಮ್ಮೆಂದಿತು.

ಬರಬಾರದು ಎಂದುಕೊಂಡೇ ಬಂದವನು ಕೊಡೆ ಹಿಡಿದು ಮಳೆಯಲ್ಲಿ ನಿಂತಿದ್ದ. ಆಟ ಶುರುವಾದಾಗಿನಿಂದ ನಿಂತಿದ್ದ. ರೇಡಿಯೋ ಕೇಳಲೆಂದು ಬಂದವನು ಅವಳನ್ನೇ ಕೇಳುತ್ತ ನಿಂತಿದ್ದ.

ಭಟ್ಟರು ಸಿಡುಕಿದರು. "ಎಂತ ಕೇಳುದು? ರೆಫರಿಗೆ ಕಣ್ಣಿಲ್ವಾ?"

"ಕಣ್ಣಿಗೆ ಕಂಡದ್ದು ಸಾಲದಿದ್ರೆ ಕೇಳ್ಬೇಕಾಗ್ತದೆ ಭಟ್ಟ್ರೇ" ಎಂದ ಹೈದರ್, ಮೇಲೆ ಮಾಡಿನ ಹೆಂಚಿನ ಕಡೆ ನೋಡುತ್ತ.

ಈಶ್ವರಿ ಎದ್ದಳು. 'ಇವತ್ತು ಕೇಳದಿದ್ದರೆ ಇನ್ನು ಯಾವತ್ತೂ ಇಲ್ಲ...' ಎಲ್ಲರ ಎದುರಲ್ಲೇ ಜಗಲಿಯ ತುದಿಗೆ ಬಂದು ನಿಂತಳು.

"ಮಾಸ್ಟ್ರೇ, ಆವತ್ತು ನನ್ನ ತಟ್ಟೆಯಿಂದ ವೀಳ್ಯ ಯಾಕೆ ತೆಗೀಲಿಲ್ಲ?"

ವೆಂಬ್ಲಿಯಲ್ಲಿ ಆಕಾಶ ಬಿರಿಯುವ ಹಾಗೆ ಕೂಗಿದರು. ಗೋಲು ಕೊಟ್ಟಿದ್ದರು. ಇಲ್ಲಿ ಯಾರ ಕಿವಿಗೂ ಅದು ಬೀಳಲಿಲ್ಲ.

ಗೌರೀಶಂಕರ ತಬ್ಬಿಬ್ಬಾದ. "ವೀಳ್ಯವಾ? ನನ್ನ ಬಾಯಿ... ಹಿಂದಿನ ದಿನ ಕಡಬದಲ್ಲಿ ಮ್ಯಾಚಿತ್ತು..."

"ನಾನು ಹೇಳ್ತೇನೆ!" ಹೈದರ್ ಎದ್ದು ನಿಂತ. "ದವಡೆಗೆ ಒದೆ ಬಿದ್ದು ಕೆನ್ನೆಯ ಒಳಗೆ ಹರಿದುಹೋಗಿತ್ತು ಭಟ್ಟ್ರೇ. ನಾನೇ ಆಸ್ಪತ್ರೆಗೆ ಕೊಂಡುಹೋದದ್ದು. ಹೊಲಿಗೆ ಹಾಕಿ, ಸುಣ್ಣ ಗಿಣ್ಣ ಮುಟ್ಟಿದ್ರೆ ಜೋಕೆ ಅಂದಿದ್ರು ಡಾಕ್ಟ್ರು. ತಟ್ಟೆಯಲ್ಲಿ ಅಷ್ಟು ದೊಡ್ಡ ವಿಷಯ ಉಂಟು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

"ಹೇಳ್ಬಾರ್ದಿತ್ತಾ?" ಭಟ್ಟರ ಸ್ವರ ಇಳಿದಿತ್ತು.

"ಕಾಲು ಮುರಿಯುವ ಆಟ ಅಂತ ನೀವು ಬೈತಿದ್ರಿ. ಬಾಯಿಯೂ ಒಡೆದದ್ದು ಗೊತ್ತಾದ್ರೆ ಹುಡುಗಿ ಕೊಡುದುಂಟಾ ಅಂತ ಹೆದರಿ..." ಗೌರೀಶಂಕರ ತಲೆ ತಗ್ಗಿಸಿದ. "ಆಮೇಲೆ ಜಾತಕ ಕೂಡ್ಲಿಲ್ಲ ಅಂತ ಹೇಳಿ ಕಳಿಸಿದ್ರಿ. ಇವರಿಗೇ ಮನಸ್ಸಿಲ್ಲ ಅಂತ ಸುಮ್ಮನಾದೆ."

"ನನ್ನ ಹತ್ರ ಯಾರೂ ಕೇಳ್ಲೇ ಇಲ್ಲ!" ಈಶ್ವರಿ ಅಳುತ್ತಲೇ ಹೇಳಿದಳು. "ಅಪ್ಪ, ನನಗೆ ಗುತ್ತಿಗಾರು ಬೇಡ. ಇವರೇ ಆಗ್ಬೇಕು."

ಭಟ್ಟರು ಮಗಳನ್ನು ನೋಡಿದರು. ತಾಯಿಯ ಬಗ್ಗೆ ಕೇಳುವಾಗ ಬಿಟ್ಟರೆ ಅವಳು ಅಪ್ಪನ ಹತ್ತಿರ ಏನನ್ನೂ ಹೀಗೆ ಅಳುತ್ತ ಕೇಳಿದವಳಲ್ಲ. ಅವರು ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡರು. ಮುಖ ಮಾತ್ರ ಅಲ್ಲ, ಕಣ್ಣನ್ನೂ.

"ನಾಳೆ ಬೆಳಗ್ಗಿನ ಬಸ್ಸಿಗೆ ನಾನೇ ಗುತ್ತಿಗಾರಿಗೆ ಹೋಗ್ತೇನೆ."

"ಹೋಗಿ ಎಂತ ಹೇಳ್ತಿ ಅಣ್ಣ?" ಅತ್ತೆ ಕೇಳಿದಳು.

"ಎಂತ ಹೇಳುದು... ಜಾತಕ ಕೂಡ್ಲಿಲ್ಲ ಅಂತ!"

ಹುಡುಗರು ಹೋ ಎಂದು ಕೂಗಿದರು. ಓಣಿಯ ಹೆಂಗಸರೂ ಕೂಗಿದರು. ಇಂಗ್ಲೆಂಡ್ ನಾಲ್ಕನೇ ಗೋಲು ಹೊಡೆದು ಕಪ್ಪು ಗೆದ್ದದ್ದು ಪುತ್ತೂರಿನ ಆ ಓಣಿಗೆ ಗೊತ್ತಾದದ್ದು ಮರುದಿನವೇ. ಟಿವಿಯಲ್ಲಿ ಎಲ್ಲ ಮೈದಾನಗಳೂ ಕಾಣುವ ಕಾಲ ಬಂತು ನಿಜ. ಆದರೆ ಕಾಣದೆ ಕಂಡ ಆ ಸುಖ ಬೇರೆಯೇ!

ಎಲ್ಲರೂ ಹೋದರು. ಮಾಸ್ಟ್ರು ಊಟಕ್ಕೆ ನಿಲ್ಲಬೇಕೆಂದು ಹೇಳಿ ಭಟ್ಟರು ಕೈಕಾಲು ತೊಳೆಯಲು ಬಾವಿಕಟ್ಟೆಗೆ ನಡೆದರು. ಅತ್ತೆಗೆ ಒಳಗೆ ಇದ್ದಕ್ಕಿದ್ದಂತೆ ತುಂಬ ಕೆಲಸ ನೆನಪಾಯಿತು. ಜಗಲಿಯಲ್ಲಿ ಇಬ್ಬರೇ ಉಳಿದರು.

"ಈಶ್ವರೀ..."

ಮೊದಲ ಸಲ ಅವನು ಹೆಸರು ಹಿಡಿದು ಕರೆದಿದ್ದ. ಅವಳು ಕಂಬದ ಕಡೆ ಮುಖ ತಿರುಗಿಸಿ ನಿಂತಳು.

"ಇಷ್ಟು ದಿನ ನಾನು ಬರ್ಲಿಲ್ಲ. ನೀನು ರೇಡಿಯೋ ಹಾಕ್ತಿದ್ದೆಯಾ?"

"ಹಾಕ್ತಿದ್ದೆ."

"ಎಂತ ಕೇಳಿದಿ?"

ಅವಳು ತಿರುಗಿ, ಮೊದಲ ಬಾರಿಗೆ ಅವನ ಕಣ್ಣನ್ನೇ ನೋಡಿ ಹೇಳಿದಳು.

"ಸಾವಿರ ಸಾವಿರ ಜನ ಕೂಗ್ತಿದ್ರು. ಅಷ್ಟು ಜನರಲ್ಲಿ ನೀವೊಬ್ಬರು ಇರ್ಲಿಲ್ಲ... ಅಳು ಬಂತು, ಬಂದ್ ಮಾಡಿದೆ."

ಊರಿಗೆಲ್ಲ ಮಾತು ಹಂಚುವವನಿಗೆ ಆವತ್ತು ಒಂದು ಮಾತು ಹೊರಡಿಸಲು ಎಷ್ಟು ಕಷ್ಟವಾಯಿತು!

"ಇನ್ನು ಎಲ್ಲಿಗೂ ಹೋಗುದಿಲ್ಲ."

"ಆಣೆ?"

"ನಿನ್ನಾಣೆ."