ಉಸ್ತಾದರ ಉಡಿದಾರ

ಸಿಂಚನಾ ದೋಸೆ ಮಗುಚುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಗೋಡೆ ಮಾತಾಡಿತು.

"ನಮಸ್ಕಾರ. ನಿಮ್ಮ ಯಜಮಾನರ ಸೊಂಟ ಮೂರು ತಿಂಗಳಲ್ಲಿ ಒಂದೂವರೆ ಇಂಚು ಹೆಚ್ಚಾಗಿದೆ. ನಿನ್ನೆ ನಿದ್ದೆಯಲ್ಲಿ ಇಪ್ಪತ್ತೆರಡು ಸಲ ಉಸಿರು ನಿಂತು ಮತ್ತೆ ಶುರುವಾಗಿದೆ. ದಯವಿಟ್ಟು ವೈದ್ಯರಿಗೆ ತೋರಿಸಿ."

"ಏನಿಲ್ಲ ಕಣೆ," ಅಂದ ಗಂಡ ಲಿಖಿತ್, ನಾಲ್ಕನೆಯ ದೋಸೆಗೆ ತಟ್ಟೆ ಮುಂದೆ ಚಾಚುತ್ತ. "ಆ ದಾರಕ್ಕೆ ತಲೆ ಕೆಟ್ಟಿದೆ."

"ದಾರಕ್ಕೆ ತಲೆ ಎಲ್ಲಿದೆ? ಕೆಡೋಕೆ ಈ ಮನೇಲಿ ಇರೋದು ನಿಮ್ದೊಂದೇ," ಎಂದು ಸಿಂಚನಾ ತುಪ್ಪದ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಏರಿಸಿದಳು.

ಅದು 2056ನೆಯ ಇಸವಿ, ಮೈಸೂರು. ಗೋಡೆಗೆ ಈ ಸುದ್ದಿ ಮುಟ್ಟಿಸಿದ್ದು ಲಿಖಿತ್‌ನ ಸೊಂಟದಲ್ಲಿದ್ದ ಕಪ್ಪು ಉಡಿದಾರ. ಅದೇ ಊರಿನ ಸಂಶೋಧನಾಲಯದ ಡಾ. ಇಂಚರಾ ಅದನ್ನು ಕಂಡುಹಿಡಿದಿದ್ದಳು. ಆರೋಗ್ಯ ನೋಡುವ ಕೈಗಡಿಯಾರ ಕೊಟ್ಟರೆ ಗಂಡಸರು ಬಿಚ್ಚಿಟ್ಟು ಮರೆಯುತ್ತಿದ್ದರು, ಉಂಗುರ ಕೊಟ್ಟರೆ ಕಳೆಯುತ್ತಿದ್ದರು. ತೊಟ್ಟಿಲಲ್ಲಿ ಕಟ್ಟಿಸಿಕೊಂಡ ಉಡಿದಾರವನ್ನು ಮಾತ್ರ ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಹತ್ತಿಯ ಎಳೆಗಳ ಜೊತೆ ಕೂದಲಿಗಿಂತ ತೆಳುವಾದ, ವಿದ್ಯುತ್ ಹರಿಯುವ ಎಳೆಗಳನ್ನು ಹೊಸೆದರೆ ಸಾಕಾಯಿತು. ಸೊಂಟ ದಪ್ಪವಾದರೆ ಎಳೆ ಬಿಗಿಯುತ್ತದೆ, ಉಸಿರಾಡಿದರೆ ಹೊಟ್ಟೆ ಏರಿಳಿಯುತ್ತದೆ, ನಾಡಿ ಬಡಿದರೆ ಚರ್ಮ ಅದುರುತ್ತದೆ. ಎಲ್ಲವನ್ನೂ ದಾರ ಲೆಕ್ಕ ಹಾಕುತ್ತಿತ್ತು.

ಮೊದಲ ವರ್ಷ ವರದಿ ಗಂಡಸರ ಫೋನಿಗೇ ಹೋಗುತ್ತಿತ್ತು. ಹತ್ತರಲ್ಲಿ ಒಂಬತ್ತು ಜನ ಒಂದು ವಾರದೊಳಗೆ ಅದರ ಬಾಯಿ ಮುಚ್ಚಿಸಿದರು. ಇಂಚರಾ ಸಿಟ್ಟು ಮಾಡಿಕೊಳ್ಳದೆ ವರದಿಯನ್ನು ಅಡುಗೆಮನೆಯ ಗೋಡೆಗೆ ತಿರುಗಿಸಿದಳು. ಗಂಡಸರ ಕಷ್ಟ ಶುರುವಾಗಿದ್ದು ಅಲ್ಲಿಂದ.

ಲಿಖಿತ್‌ಗೆ ಐವತ್ತಮೂರು ವರ್ಷ. ಬೀದಿಯ ಕೊನೆಯಲ್ಲಿ ಗಾಡಿಗಳ ಬ್ಯಾಟರಿ ಬದಲಿಸುವ ಅಂಗಡಿ. ದಿನವಿಡೀ ಕೂತೇ ಮಾಡುವ ಕೆಲಸ. ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಗರಡಿಮನೆಯ ಜಗಲಿಯಲ್ಲಿ ಗೆಳೆಯರ ಜೊತೆ ಅರ್ಧ ಗಂಟೆ ಹರಟೆ. ಗರಡಿಯ ಉಸ್ತಾದ್ ಸಿದ್ದರಾಜುಗೆ ಅರವತ್ತೊಂದಾದರೂ ದಿನಕ್ಕೆ ಇನ್ನೂರು ಬಸ್ಕಿ ತಪ್ಪುತ್ತಿರಲಿಲ್ಲ. ಆಸ್ಪತ್ರೆಯ ಬಾಗಿಲು ಯಾವ ಕಡೆಗಿದೆ ಎಂದೂ ಗೊತ್ತಿಲ್ಲ ಎಂದು ಅವನೇ ಹೇಳುತ್ತಿದ್ದ. ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ, ಗರಡಿಯ ಹಿಂದಿನ ಕೋಣೆಯೇ ಮನೆ. "ನನಗ್ಯಾಕಯ್ಯ ಅದು" ಎಂದು ಹೊಸ ಉಡಿದಾರ ಬೇಡ ಅಂದವನು ಆ ಬೀದಿಯಲ್ಲಿ ಅವನೊಬ್ಬನೇ.

"ಉಸ್ತಾದ್, ಮನೇಲಿ ಬೋಂಡಾ ಹೋಯ್ತು. ಇವತ್ತು ತುಪ್ಪಾನೂ ಹೋಯ್ತು," ಅಂದ ಲಿಖಿತ್ ಆ ದಿನ. "ನಿಮ್ ಸೊಂಟ ಒಂದಷ್ಟ್ ದಿನ ಸಾಲ ಕೊಡ್ತೀರಾ?"

"ಕಾಫಿಪುಡಿ ಕೇಳಿದಂಗೆ ಸೊಂಟ ಕೇಳ್ತಾನಲ್ರಪ್ಪ ಇವ್ನು!" ಎಂದು ನಕ್ಕು ಸಿದ್ದರಾಜು ಅಂಗಿ ಎತ್ತಿದ. "ಕಟ್ಟು. ನನ್ ಮೈಗೇನು ಭಾರ?"

ಲಿಖಿತ್ ತನ್ನ ಉಡಿದಾರ ಬಿಚ್ಚಿ ಉಸ್ತಾದನಿಗೆ ಕಟ್ಟಿ, ತನ್ನ ಸೊಂಟಕ್ಕೆ ಪೇಟೆಯ ಸಾದಾ ಕಪ್ಪು ದಾರ ಕಟ್ಟಿಕೊಂಡ. ಎರಡು ದಿನ ಕಳೆಯುವಷ್ಟರಲ್ಲಿ ಗೋಡೆಯ ದನಿಯೇ ಬದಲಾಯಿತು. ಸೊಂಟ ಎರಡು ಇಂಚು ಇಳಿದಿದೆ, ಉಸಿರು ಒಂದು ಸಲವೂ ನಿಂತಿಲ್ಲ, ಅಭಿನಂದನೆಗಳು. ಸಿಂಚನಾಗೆ ಕಣ್ಣು ತುಂಬಿ ಬಂತು. ತಾನು ಗದರಿದ್ದು ಜಾಸ್ತಿಯಾಯಿತೇನೋ ಎನಿಸಿ ಶ್ಯಾವಿಗೆ ಪಾಯಸ ಮಾಡಿದಳು. ಅವನು ಎರಡು ಲೋಟ ಕುಡಿದ.

ಪಾಯಸದ ಸುದ್ದಿ ಜಗಲಿಗೆ ಮುಟ್ಟಿತು. ತಿಂಗಳು ತುಂಬುವುದರೊಳಗೆ ಇನ್ನೂ ಆರು ಜನ ತಮ್ಮ ದಾರಗಳನ್ನು ಬಿಚ್ಚಿಕೊಂಡು ಬಂದರು. ಸಿದ್ದರಾಜು ಯಾರಿಗೂ ಇಲ್ಲ ಅನ್ನಲಿಲ್ಲ.

ಒಂದು ಬೆಳಗ್ಗೆ ಗೋಡೆ ಹೇಳಿತು: "ನಿಮ್ಮ ಯಜಮಾನರು ನಿನ್ನೆ ರಾತ್ರಿ ಮೂತ್ರಕ್ಕೆ ನಾಲ್ಕು ಸಲ ಎದ್ದಿದ್ದಾರೆ. ಎರಡು ವಾರದಿಂದಲೂ ಹೀಗೇ ಇದೆ. ಗೊರಕೆ ಇಲ್ಲ."

ಸಿಂಚನಾ ಸೌಟು ಕೆಳಗಿಟ್ಟಳು. ಆ ಗೊರಕೆ ಕೇಳಿಕೊಂಡೇ ಅವಳು ಇಪ್ಪತ್ತೇಳು ವರ್ಷ ಕಳೆದಿದ್ದಳು, ನಿನ್ನೆಯೂ ಕೇಳಿದ್ದಳು. ಕೂಡಲೇ ಸಂಶೋಧನಾಲಯಕ್ಕೆ ಫೋನು ಹಚ್ಚಿದಳು. "ಮೇಡಂ, ನಿಮ್ ದಾರ ಸುಳ್ ಹೇಳ್ತಿದೆ. ಈ ಮನುಷ್ಯ ನಾಲ್ಕ್ ಸಲ ಎದ್ದಿದ್ರೆ ಅಷ್ಟ್ ಹೊತ್ತಾದ್ರೂ ನಂಗೆ ನಿದ್ದೆ ಬರ್ತಿತ್ತು."

ಅತ್ತ ಇಂಚರಾ ಕೂಡ ಅದೇ ಬೀದಿಯ ಲೆಕ್ಕವನ್ನು ಮುಂದಿಟ್ಟುಕೊಂಡು ಕೂತಿದ್ದಳು. ಏಳು ಮನೆಗಳ ಏಳು ಗಂಡಸರು ರಾತ್ರಿ ನಾಲ್ಕು ಸಲ, ಅದೂ ಒಂದೇ ನಿಮಿಷಕ್ಕೆ ಎದ್ದು, ಒಂದೇ ನಿಮಿಷಕ್ಕೆ ಮಲಗುತ್ತಿದ್ದರು. "ನೀರಲ್ಲೇನೋ ಇರ್ಬೇಕು ಮೇಡಂ," ಅಂದ ಸಹಾಯಕ ಹುರುಪಿನಿಂದ. ಇಂಚರಾಗೂ ಹುರುಪು ಬಂದು, ಪ್ರಬಂಧಕ್ಕೆ ಒಂದು ಹೆಸರನ್ನೂ ಯೋಚಿಸಿದಳು. ಆಮೇಲೆ, ಗೋಡೆಗೆ ಹೋಗದೆ ಸಂಶೋಧನಾಲಯಕ್ಕಷ್ಟೇ ಬರುತ್ತಿದ್ದ ನಾಡಿಯ ಗೆರೆಗಳನ್ನು ತೆರೆದಳು. ಏಳೂ ನಾಡಿಗಳು ಒಂದೇ ಕ್ಷಣದಲ್ಲಿ ತಾಳ ತಪ್ಪುತ್ತಿದ್ದವು, ಒಂದೇ ಕ್ಷಣದಲ್ಲಿ ಸರಿಹೋಗುತ್ತಿದ್ದವು.

ಅವಳ ಹುರುಪು ಇಳಿಯಿತು. ಏಳು ಹೃದಯಗಳು ಹೀಗೆ ಒಟ್ಟಿಗೆ ತಪ್ಪಲಾರವು. ಇದು ಒಂದೇ ಹೃದಯ. ಹೀಗೆ ಲಯ ತಪ್ಪುವ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು ಹೊಡೆಯಬಹುದು. ಆ ಹೃದಯದ ಯಜಮಾನ ಯಾರೆಂದು ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ.

"ಸಿಂಚನಾ ಅವರೇ, ನಿಮ್ಮ ಯಜಮಾನರು ಬೆಳಗ್ಗೆ ಎಲ್ಲಿಗೆ ಹೋಗ್ತಾರೆ?" ಎಂದು ತಿರುಗಿ ಫೋನು ಮಾಡಿ ಕೇಳಿದಳು.

ಮರುದಿನ ಬೆಳಗ್ಗೆ ಇಬ್ಬರೂ ಗರಡಿಮನೆಯ ಮುಂದೆ ನಿಂತಿದ್ದರು. ಜಗಲಿಯಲ್ಲಿದ್ದ ಏಳು ಜನ ಒಟ್ಟಿಗೆ ಎದ್ದು ನಿಂತರು.

"ಉಸ್ತಾದರೇ, ತಪ್ಪು ತಿಳೀಬೇಡಿ. ನಿಮ್ಮ ಸೊಂಟ ಒಂದು ಸಲ ನೋಡಬೇಕಿತ್ತು," ಅಂದಳು ಇಂಚರಾ.

ಸಿದ್ದರಾಜು ಲಿಖಿತ್‌ನ ಮುಖ ನೋಡಿದ. ಲಿಖಿತ್ ತನ್ನ ಚಪ್ಪಲಿ ನೋಡಿಕೊಂಡ. ಉಸ್ತಾದ ನಿಧಾನವಾಗಿ ಅಂಗಿ ಎತ್ತಿದಾಗ ಕಂಡದ್ದು ಒಂದರ ಕೆಳಗೊಂದು ಏಳು ಕಪ್ಪು ದಾರ.

"ಅಯ್ಯೋ ನಿಮ್ ಮನೆ ಕಾಯ!" ಸಿಂಚನಾ ಗಂಡನತ್ತ ತಿರುಗಿದಳು. "ಎರಡು ಲೋಟ ಪಾಯಸ ಕುಡಿದ್ರಲ್ಲ! ಅದನ್ನಾದ್ರೂ ಇವರಿಗೆ ಕೊಡ್ಬೇಕಿತ್ತು. ಸೊಂಟ ಇಳಿಸಿದ್ದು ಅವರು."

"ಕೂಗ್ಬೇಡ ಕಣೆ, ಮಟ್ಟೀಲಿ ಮಕ್ಕಳಿದಾರೆ," ಅಂದ ಲಿಖಿತ್ ಮೆಲ್ಲಗೆ. ಒಳಗೆ ಮಟ್ಟಿಯ ಕೆಮ್ಮಣ್ಣಿನಲ್ಲಿ ಕುಸ್ತಿ ಕಲಿಯುತ್ತಿದ್ದ ಹುಡುಗಿಯರು ಆಗಲೇ ಕಿಟಕಿಗೆ ಬಂದು ನಿಂತಿದ್ದರು.

ಇಂಚರಾ ದನಿ ತಗ್ಗಿಸಿ ವಿವರಿಸಿದಳು. ಗಂಡಸರಿಗೆ ಮೂತ್ರಕೋಶದ ಕೆಳಗೆ ನೆಲ್ಲಿಕಾಯಿ ಗಾತ್ರದ ಗ್ರಂಥಿ ಇರುತ್ತದೆ, ಪ್ರಾಸ್ಟೇಟ್ ಅಂತ. ವಯಸ್ಸಾದಂತೆ ಅದು ಊದಿ ಮೂತ್ರದ ದಾರಿಯನ್ನು ಒತ್ತುತ್ತದೆ. ಬಹಳ ಸಲ ಮಾತ್ರೆಗೇ ಬಗ್ಗುತ್ತದೆ. ಬೇರೆ ಏನಾದರೂ ಇದೆಯೇ ಎಂದು ತಿಳಿಯಲು ಮಾತ್ರ ಪರೀಕ್ಷೆ ಮಾಡಿಸಲೇಬೇಕು.

"ತಾಯಿ, ಜಗಲಿ ಮೇಲೆ ಇದೆಲ್ಲ ಹೇಳ್ಬೇಡಿ," ಎಂದು ಸಿದ್ದರಾಜು ಕೈಮುಗಿದ.

"ಸರಿ, ಅದು ಬಿಡಿ. ನಿಮ್ಮ ನಾಡಿ ತಾಳ ತಪ್ತಿದೆ. ಅದಕ್ಕೆ ಕಾಯೋಕಾಗಲ್ಲ. ಇವತ್ತೇ ಹೋಗ್ಬೇಕು. ನಿಮಗೆ ಇದು ಗೊತ್ತಾಗಿಲ್ವಾ?"

ಅವನು ಕಿಟಕಿಯ ಹುಡುಗಿಯರ ಕಡೆ ನೋಡಿ, ಇನ್ನಷ್ಟು ಮೆಲ್ಲಗೆ ಅಂದ: "ದಸರಾದಿಂದ ಗೊತ್ತು. ಎದೇಲಿ ಮೀನು ಒದ್ದಾಡಿದಂಗೆ ಆಗುತ್ತೆ. ಯಾರಿಗ್ ಹೇಳ್ಲಿ? ಈ ಮಕ್ಳು ನನ್ ಮೈ ನೋಡ್ಕೊಂಡು ಮಟ್ಟಿಗೆ ಇಳೀತಾರೆ."

"ಗೊತ್ತಿದ್ದೂ ಏಳು ದಾರ ಯಾಕೆ ಕಟ್ಟಿಸ್ಕೊಂಡ್ರಿ ಮತ್ತೆ?"

ಉಸ್ತಾದ ಅಂಗಿ ಇಳಿಸಿಕೊಂಡ. "ನನ್ ಬಾಯಲ್ಲಂತೂ ಬರ್ಲಿಲ್ಲ ತಾಯಿ. ಏಳರಲ್ಲಿ ಒಂದಾದ್ರೂ ಹೇಳ್ಬೋದು ಅನ್ಕೊಂಡೆ."

ಲಿಖಿತ್ ಉಸ್ತಾದನ ಚಪ್ಪಲಿ ತಂದು ಅವನ ಕಾಲ ಬಳಿ ಇಟ್ಟ. "ನಡೀರಿ ಉಸ್ತಾದ್. ನಾನೂ ಬರ್ತೀನಿ."

"ಅಂಗಡಿ?"

"ಮಧ್ಯಾಹ್ನ ತೆಗೀತೀನಿ, ಬನ್ನಿ."

ಅವನೊಬ್ಬನೇ ಹೋದರೆ ಚೆನ್ನಾಗಿರುವುದಿಲ್ಲ ಎಂದು ಉಳಿದ ಆರು ಜನವೂ ಹೊರಟರು. ಆಸ್ಪತ್ರೆಯಲ್ಲಿ ಎಂಟು ಜನ ಬೆಂಚು ತುಂಬಿ ಕೂತರು. "ಪೇಷೆಂಟ್ ಯಾರು?" ಎಂದು ನರ್ಸಮ್ಮ ಕೇಳಿದಾಗ ಪ್ರತಿಯೊಬ್ಬನೂ ಪಕ್ಕದವನನ್ನು ತೋರಿಸಿದ. ಅವಳು ಬಹಳ ವರ್ಷಗಳಿಂದ ಗಂಡಸರನ್ನು ನೋಡಿದ್ದವಳು. ಸುಮ್ಮನೆ ಎಂಟು ಚೀಟಿ ಬರೆದಳು.

ಉಸ್ತಾದನ ಗ್ರಂಥಿಯಲ್ಲಿ ವಯಸ್ಸಿನ ಊತ ಬಿಟ್ಟರೆ ಬೇರೇನೂ ಇರಲಿಲ್ಲ. ಹೃದಯಕ್ಕೆ, ರಕ್ತ ಹೆಪ್ಪುಗಟ್ಟದ ಹಾಗೆ ದಿನಕ್ಕೆರಡು ಮಾತ್ರೆ ಕೊಟ್ಟರು. ಇನ್ನೊಂದು ಚಳಿಗಾಲ ಹೀಗೇ ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ಜೊತೆಗೆ ಬಂದ ಏಳು ಜನರಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ, ಮೂವರಿಗೆ ರಕ್ತದೊತ್ತಡ ಸಿಕ್ಕಿತು. ಆ ಮೂವರಲ್ಲಿ ಲಿಖಿತ್‌ನದು ಎಲ್ಲರಿಗಿಂತ ಹೆಚ್ಚು. ಅವನಿಗೆ ನಿದ್ದೆಯಲ್ಲಿ ಉಸಿರು ನಿಲ್ಲದ ಹಾಗೆ ಗಾಳಿ ಊದುವ ಮುಖವಾಡವನ್ನೂ ಕೊಟ್ಟರು. ಈಗ ಸಿಂಚನಾ ಬೆಳಗಿನವರೆಗೆ ನಿದ್ದೆ ಮಾಡುತ್ತಾಳೆ. ಗಂಡ ಕಪ್ಪೆಯ ಹಾಗೆ ಕಾಣುತ್ತಾನೆ, ಪರವಾಗಿಲ್ಲ ಅನ್ನುತ್ತಾಳೆ.

ಇಂಚರಾ ಅಂದಿನ ಬೆಂಚನ್ನು ಮರೆಯಲಿಲ್ಲ. ತನಗಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತದವರು ಇನ್ನೊಬ್ಬನ ಜೊತೆಗೆಂದರೆ ಅಂಗಡಿ ಮುಚ್ಚಿ ಬರುತ್ತಾರೆ. ಅವಳು ದಾರವನ್ನು ಹೊಸದಾಗಿ ಹೊಸೆದಳು. ಈಗ ಅದು ಮೈಯ ಗುಟ್ಟನ್ನು ಯಾರ ಗೋಡೆಗೂ ಹೇಳುವುದಿಲ್ಲ. ಕಟ್ಟಿಕೊಂಡವನು ತಾನೇ ಆರಿಸಿದ ಗೆಳೆಯನಿಗೆ ಒಂದು ಮಾತು ಕಳಿಸುತ್ತದೆ: ಅವನಿಗೆ ಜೊತೆ ಬೇಕು, ಕರೆದುಕೊಂಡು ಹೋಗು. ಮೊದಲ ವರ್ಷವೇ ಆಸ್ಪತ್ರೆಯವರು ಬೆಂಚುಗಳನ್ನು ಹೆಚ್ಚಿಸಬೇಕಾಯಿತು. ಸಿದ್ದರಾಜು ಆರಿಸಿದ ಜೊತೆಗಾರ ಲಿಖಿತ್.

ಸಂತೋಷಕ್ಕೆ ಶ್ಯಾವಿಗೆ ಪಾಯಸ ಮಾಡಿ, ಸಕ್ಕರೆ ಅರ್ಧ ಹಾಕಿ, ಸಿಂಚನಾ ಸಂಶೋಧನಾಲಯಕ್ಕೆ ಒಯ್ದಳು. ಇಂಚರಾಳ ಮೇಜಿನ ಮೇಲೆ ಗಾಜಿನ ಡಬ್ಬಿಯಲ್ಲಿ ಬಣ್ಣ ಮಾಸಿದ ಒಂದು ಉಡಿದಾರ ಇತ್ತು.

"ಇದು ಮೊದಲ್ನೇದಾ ಮೇಡಂ?"

"ಒಂಥರಾ ಹೌದು. ನಮ್ಮಪ್ಪಂದು. ಎರಡು ಸಾವಿರದ ಇಪ್ಪತ್ತಾರನೇ ಇಸವಿದು. ಯಂತ್ರ ಗಿಂತ್ರ ಏನಿಲ್ಲ, ಬರೀ ಹತ್ತಿ."

ಸಿಂಚನಾ ಹೊರಗೆ ತೆಗೆದು ನೋಡಿದಳು. ಗಂಟು ತುದಿಯಲ್ಲಿತ್ತು. ಅದರ ಹಿಂದೆ ಬೆರಳಗಲ ಬೆರಳಗಲಕ್ಕೆ ಹಳೆಯ ಮೂರು ಗಂಟುಗಳ ಸುಕ್ಕು ಇನ್ನೂ ಉಳಿದಿತ್ತು.

"ಒಂದೇ ವರ್ಷದಲ್ಲಿ ಮೂರು ಸಲ ಬಿಚ್ಚಿ ಕಟ್ಟಿದ್ದು," ಅಂದಳು ಇಂಚರಾ. "ಪ್ರತಿ ಸಲಾನೂ ಅಮ್ಮ, ಯಾಕ್ರೀ ಬಿಗಿಯಾಯ್ತು ಅಂತ ಕೇಳೋರು. ಏನಿಲ್ಲ ಕಣೆ, ದಾರ ನೀರಿಗೆ ಕುಗ್ಗಿದೆ ಅಂತ ಅಪ್ಪ ಅನ್ನೋರು. ಮೆಟ್ಟಿಲು ಹತ್ತುವಾಗ ಏದುಸಿರು ಬಂದ್ರೂ ಏನಿಲ್ಲ ಅಂತಾನೇ. ನಲವತ್ತಮೂರಕ್ಕೆ ಹೋಗ್ಬಿಟ್ರು, ಹಾರ್ಟು. ನನಗಾಗ ಎಂಟು ವರ್ಷ."

ಸಿಂಚನಾ ಆ ಮೂರು ಸುಕ್ಕುಗಳ ಮೇಲೆ ಬೆರಳಾಡಿಸಿದಳು.

"ದಾರ ಹೇಳ್ತಾನೇ ಇತ್ತಲ್ಲ ಮೇಡಂ. ಅಮ್ಮ ಏನ್ ಮಾಡಿದ್ರು?"

"ಪಾಪ, ಅಮ್ಮ ಪೇಟೆಗೆ ಹೋಗಿ," ಅಂದಳು ಇಂಚರಾ, "ಇನ್ನೂ ಸ್ವಲ್ಪ ಉದ್ದದ ದಾರ ತಂದ್ರು."