ಷಡಕ್ಷರಿ ಮೇಷ್ಟ್ರ ಕೃತಕ ಚಂದ್ರ

"ರಷ್ಯಾದವ್ರು ಕೃತಕ ಚಂದ್ರನ್ನ ಹಾರಿಸಿ ತಿಂಗಳಾಯ್ತು. ಪೇಪರ್ ನೋಡ್ಕೊಂಡು ಗೀಚಿ, ನಾನೇ ಮೊದ್ಲು ಬರೆದೆ ಅಂತೀರಲ್ಲ!" ತುಮಕೂರಿನ ಸಂಪಾದಕ ಜಯರಾಮಯ್ಯ ಹಸ್ತಪ್ರತಿಯನ್ನು ಮೇಜಿನಾಚೆ ತಳ್ಳಿದರು.

೧೯೫೭ರ ನವೆಂಬರ್. ಮನುಷ್ಯ ಮಾಡಿದ ಚಂದ್ರನೊಂದು ಭೂಮಿಯನ್ನು ಸುತ್ತುವ ಆ ಕಾದಂಬರಿಯನ್ನು ಗುಬ್ಬಿಯ ವಿಜ್ಞಾನದ ಮೇಷ್ಟ್ರು ಷಡಕ್ಷರಿ ಬೇಸಿಗೆಯಲ್ಲೇ ಮುಗಿಸಿದ್ದ. ಆಗ ಅವನು ಓದಿ ಹೇಳಿದ್ದನ್ನು ಕೇಳಿದ್ದವಳು ಒಬ್ಬಳೇ, ನಿಟ್ಟೂರಿನ ಟೀಚರ್ ಶಿವರುದ್ರಮ್ಮ. ದೇವರಾಯನದುರ್ಗದ ಬೆಟ್ಟದ ಬಂಡೆಯ ಮೇಲೆ, ಏಳು ಭಾನುವಾರ.

"ನಿಮ್ಮ ಚಂದ್ರನಲ್ಲಿ ಹೆಂಗಸ್ರಿಗೆ ಕೆಲ್ಸ ಇಲ್ವಾ ಮೇಷ್ಟ್ರೇ?"

"ನೀವು ಬರೋದಾದ್ರೆ ಹುಡುಕ್ತೀನಿ."

ಅವಳು ಸೆರಗಿನ ತುದಿ ಕಚ್ಚಿ ನಗು ತಡೆದು, ಕಣ್ಣೆತ್ತಿ ನೋಡಿದ್ದಳು. ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ. ಅದರಾಚೆಗೆ ಇಬ್ಬರೂ ಏನೂ ಹೇಳಿಕೊಳ್ಳಲಿಲ್ಲ. ಈಗ ಅವಳಿಗೆ ಅಮೃತೂರಿನ ಗಂಡು ನಿಶ್ಚಯವಾಗಿತ್ತು.

ಜಯರಾಮಯ್ಯನವರ ವಾರಪತ್ರಿಕೆಯಲ್ಲಿ ಅವನು 'ಕೃತಿಚೋರ' ಎಂದು ಅಚ್ಚಾಯಿತು. ಷಡಕ್ಷರಿ ಊಟ ಬಿಟ್ಟ. ಪಾಠ ಮಾಡಲು ಬಾಯಿ ಬರದೆ ರಾಜೀನಾಮೆ ಬರೆದಿಟ್ಟು ಊರು ಬಿಡಲು ಹೊರಟ. ಸುದ್ದಿ ತಿಳಿದು ಶಿವರುದ್ರಮ್ಮ ಗುಬ್ಬಿ ಸ್ಟೇಷನ್ನಿನಲ್ಲಿ ಅವನನ್ನು ತಡೆದಳು.

"ಏಪ್ರಿಲ್‌ನಲ್ಲೇ ಕೇಳಿದೀನಿ ಅಂತ ನಾನ್ ಹೇಳ್ತೀನಿ."

"ಎಲ್ಲಿ ಕೇಳಿದೆ ಅಂತಾರೆ. ನಿಮ್ಮ ಮದ್ವೆ ಮುರಿಯುತ್ತೆ. ಕೈ ಮುಗೀತೀನಿ, ಬೇಡ."

"ನಿಮ್ಮನ್ನ ಕಳ್ಳ ಅಂದ್ರೆ ನಂಗೆ ಉಸಿರು ಕಟ್ಟುತ್ತೆ ಕಣ್ರೀ!"

ಭಾನುವಾರ ತುಮಕೂರಿನಲ್ಲಿ ಲೇಖಕರ ಸಭೆ. ಗಂಡಸರ ನಡುವೆ ಅವಳು ಎದ್ದು ನಿಂತಳು. ದನಿ ನಡುಗಲಿಲ್ಲ. ಬೆಟ್ಟ, ಬಂಡೆ, ಏಳು ಭಾನುವಾರ, ಎಲ್ಲವನ್ನೂ ಹೇಳಿದಳು. ಸಭೆ ನೋಡಬೇಕೆಂದಳೆಂದು ಅವಳನ್ನು ಕರೆತಂದಿದ್ದ ತಂದೆ ಗಂಗಣ್ಣ ಮುಂದಿನ ಸಾಲಿನಿಂದ ಎದ್ದರು. "ಇನ್ನು ನಮ್ಮನೆ ಬಾಗ್ಲು ತುಳೀಬೇಡ," ಎಂದು ಹೊರಟೇಹೋದರು.

ಜಯರಾಮಯ್ಯ ತಲೆ ತಗ್ಗಿಸಿದರು. "ಇಷ್ಟು ಕಳ್ಕೊಂಡು ಯಾರೂ ಸುಳ್ಳು ಹೇಳಲ್ಲಮ್ಮ. ತಪ್ಪು ನಮ್ಮದು."

ಜನವರಿಯಿಂದ ಕಾದಂಬರಿ ಧಾರಾವಾಹಿಯಾಗಿ ಬಂತು. ಅದನ್ನು ಓದಿ ಬೆಳೆದ ಎಷ್ಟೋ ಮಂದಿ ಮುಂದೆ ಆಕಾಶದ ಕಥೆ ಬರೆದರು, ಷಡಕ್ಷರಿಯನ್ನು ಗುರುವೆಂದರು. ಆದರೆ ಸಭೆ ಮುಗಿದ ಆ ಸಂಜೆ ಬೀದಿಯಲ್ಲಿ ನಿಂತಿದ್ದ ಇಬ್ಬರಿಗೆ ಅದ್ಯಾವುದೂ ಗೊತ್ತಿರಲಿಲ್ಲ. ಶಿವರುದ್ರಮ್ಮನಿಗೆ ಹೋಗಲು ಮನೆಯಿರಲಿಲ್ಲ.

"ಯಾಕೆ ಹೀಗ್ ಮಾಡಿದ್ರಿ?" ಷಡಕ್ಷರಿ ಕೇಳಿದ.

"ಸತ್ಯ ಹೇಳ್ದೆ. ಅರ್ಧ."

"ಇನ್ನರ್ಧ?"

"ಅದನ್ನೂ ನಾನೇ ಹೇಳ್ಬೇಕಾ?" ಅವಳ ಕಣ್ಣು ತುಂಬಿ ಹರಿಯಿತು.

ಮುನ್ನೂರು ಪುಟ ತಡೆಯಿಲ್ಲದೆ ಬರೆದವನು ಈಗ ಒಂದೊಂದೇ ಮಾತು ಹುಡುಕಿದ. "ನೀವಿಲ್ದೆ ನಂಗೆ ಬದುಕಿಲ್ಲ. ನನ್ ಜೊತೆ ಬರ್ತೀರಾ?"

"ಎಲ್ಲಿಗೆ?"

"ಗುಬ್ಬಿಗೆ."

ಅಳುತ್ತಲೇ ನಕ್ಕಳು. ಬೀದಿಯವರೆಲ್ಲ ನೋಡುತ್ತಿದ್ದಂತೆಯೇ ಅವನ ಕೈ ಹಿಡಿದಳು.