ಐದನೆಯ ಅಂಕಣದಲ್ಲಿ ಸೊನ್ನೆ

"ನಿಮ್ಮ ಊರಿಗೆ ಸೊನ್ನೆ."

ಮೇಜಿನ ಮೇಲೆ ಹಾಳೆಯಿಟ್ಟು ಅವನು ಹೇಳಿದ್ದು ಇಷ್ಟೇ. ಅವಳು ಹಾಳೆ ಬಿಟ್ಟು ಅವನತ್ತ ನೋಡಿದಳು. ಎಂಟು ತಿಂಗಳಿಂದ ಫೋನಿನಲ್ಲಿ ಕೇಳುತ್ತಾ ಬಂದಿದ್ದ ಧ್ವನಿ ಅದು. ಎದುರು ನಿಂತು ಮಾತಾಡುತ್ತಿರುವುದು ಇದೇ ಮೊದಲು... ಇಷ್ಟು ತಣ್ಣಗೆ!

ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನನ್ನನ್ನೇ ಬೈಯುತ್ತೀರಿ. ಅವಳ ಕಚೇರಿ ಪ್ರವಾಸಿಗರಿಗಾಗಿ ಒಂದು ಕೈಪಿಡಿ ತರುತ್ತದೆ. ಯಾವ ಊರು ರಾತ್ರಿ ಎಷ್ಟು ಹೊತ್ತು ಎಚ್ಚರವಾಗಿರುತ್ತದೆ ಎಂಬುದೇ ಅದರ ವಿಷಯ. ಅವನು ಊರೂರು ತಿರುಗಿ, ಒಂದೊಂದು ಊರಿನ ದೊಡ್ಡ ವೃತ್ತದಲ್ಲಿ ನಾಲ್ಕು ರಾತ್ರಿ ನಿಂತು ಎಣಿಸುವವನು. ತೆರೆದ ಅಂಗಡಿ, ಓಡುವ ಗಾಡಿ, ಉರಿಯುವ ದೀಪ, ಓಡಾಡುವ ಜನ. ಐದನೆಯ ಅಂಕಣ, ಒಬ್ಬಂಟಿಯಾಗಿ ನಡೆದು ಹೋಗುವ ಹೆಂಗಸರು. ಅಲ್ಲಿ ಸೊನ್ನೆ ಬಂದರೆ ಮಿಕ್ಕಿದ್ದು ಎಷ್ಟೇ ಇರಲಿ, ಊರು ಪಟ್ಟಿಯ ತಳಕ್ಕೆ. ಇದು ಸಂಪಾದಕಿಯವರ ಕಟ್ಟಪ್ಪಣೆ.

ಅವಳ ಕೆಲಸ, ದಿನಾ ಬೆಳಿಗ್ಗೆ ಅವನು ಓದಿ ಹೇಳುವ ಅಂಕೆಗಳನ್ನು ಬರೆದುಕೊಂಡು ಊರು ಊರನ್ನು ಹೋಲಿಸಿ ಅಂಕ ಕೊಡುವುದು.

ಅಂಕೆ ಮುಗಿದ ಮೇಲೆ ಅವನು ಹಾಳೆಯಲ್ಲಿಲ್ಲದ್ದು ಒಂದನ್ನು ಹೇಳುತ್ತಿದ್ದ. ಬಂದರಿನ ಊರಲ್ಲಿ ಎರಡು ಗಂಟೆಗೂ ಕ್ಷೌರದಂಗಡಿಯ ಮುಂದೆ ಸಾಲು. ಬೆಟ್ಟದೂರಲ್ಲಿ ಹತ್ತಕ್ಕೇ ನಾಯಿಗಳೂ ಮುದುಡಿಕೊಂಡು ಮಲಗುತ್ತವೆ. ಹೊಳೆಯಾಚೆಯ ಊರಲ್ಲಿ ಅಜ್ಜಿಯೊಬ್ಬಳು ನಡುರಾತ್ರಿ ಸೇತುವೆಯ ಮೇಲೆ ಸೈಕಲ್ ಕಲಿಯುತ್ತಾಳೆ, ಹಗಲಲ್ಲಿ ಬಿದ್ದರೆ ಮೊಮ್ಮಕ್ಕಳು ನಗುತ್ತಾರಂತೆ. ಅವಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ಫೋನಿಟ್ಟ ಮೇಲೆ ಯಾಕೋ ಕಣ್ಣು ತುಂಬುತ್ತಿತ್ತು. ಇಪ್ಪತ್ತಾರು ಊರುಗಳ ರಾತ್ರಿಗೆ ಅಂಕ ಕೊಟ್ಟವಳು ತನ್ನ ಬೀದಿಯ ರಾತ್ರಿಗೆ ಒಂದು ಹೆಜ್ಜೆಯೂ ಇಟ್ಟವಳಲ್ಲ.

ಮನೆಯಲ್ಲಿ ಅಣ್ಣ ಒಂಬತ್ತಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ದಿಂಬಿನಡಿ ಇಟ್ಟು ಮಲಗುತ್ತಿದ್ದ. ಕೆಟ್ಟವನೇನಲ್ಲ. ಅಪ್ಪ ಹೋದ ಮೇಲೆ ತಂಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದವನು. ಕೆಳಗೆ ಅವನ ಕನ್ನಡಕದ ಅಂಗಡಿ, ಮೇಲೆ ಮನೆ, ಕಿಟಕಿಗೆ ಕಬ್ಬಿಣದ ಸರಳು. ಆ ಸರಳು ಹಿಡಿದು ವೃತ್ತವನ್ನು ನೋಡುವುದೇ ಮೂವತ್ತು ದಾಟಿದ ಅವಳ ರಾತ್ರಿ.

ಕನ್ನಡಕದ ಅಂಗಡಿಯ ಗುರುತನ್ನು ಎಣಿಸುವವನಿಗೆ ಅವಳೇ ಫೋನಿನಲ್ಲಿ ಹೇಳಿದ್ದಳು. ನಿನ್ನೆ ರಾತ್ರಿ ವೃತ್ತದಲ್ಲಿ ಪುಸ್ತಕ ಹಿಡಿದು ನಿಂತವನು ಕಿಟಕಿಯತ್ತ ನೋಡಿ ಕೈ ಎತ್ತಿದ್ದ. ಅವಳ ಜೀವ ಹೂವಾಯಿತು. ಅಷ್ಟರಲ್ಲಿ ಒಳಗೆ ಅಣ್ಣನ ಕೆಮ್ಮು... ಚಪ್ಪಲಿಯ ಸದ್ದು... ಅವಳು ಪಟಕ್ಕನೆ ಕಿಟಕಿ ಮುಚ್ಚಿಬಿಟ್ಟಳು.

ಈಗ ನೋಡಿದರೆ ಮೂರು ರಾತ್ರಿಗೂ ಸೊನ್ನೆ. ಕಿಟಕಿ ಮುಚ್ಚಿದ್ದಕ್ಕೆ ಹಗೆ ತೀರಿಸಿಕೊಳ್ಳುತ್ತಿದ್ದಾನೆ ಎನಿಸಿ ಅವಳ ಮೈ ಉರಿಯಿತು.

"ಕಣ್ಣು ಮುಚ್ಕೊಂಡು ನಿಂತಿದ್ರಾ?" ಎಂದಳು.

"ಬಿಟ್ಕೊಂಡೇ ನಿಂತಿದ್ದೆ. ಕಂಡಿದ್ದು ಒಬ್ಬರೇ. ಅವರು ಕಿಟಕಿ ಒಳಗಿದ್ರು. ಒಳಗಿರೋರು ಲೆಕ್ಕಕ್ಕಿಲ್ಲ."

ಅವಳು ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಇಷ್ಟು ವಯಸ್ಸಾದವಳು ಅಣ್ಣನ ಕೆಮ್ಮಿಗೆ ಹೆದರಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಅಷ್ಟರಲ್ಲಿ ಸಂಪಾದಕಿ ಒಳಗಿನಿಂದ ಕೂಗಿದರು. ಇವತ್ತು ನಾಲ್ಕನೇ ರಾತ್ರಿ, ಎಣಿಕೆ ಮುಗಿಸಿಕೊಡಲಿ, ಅವನೇ ಕೇಳಿಕೊಂಡಂತೆ ನಾಳೆ ಬೆಳಗಿನ ರೈಲಿಗೆ ದೂರದ ಊರುಗಳಿಗೆ ಹೊರಡಲಿ, ಒಂದು ವರ್ಷ ಈ ಕಡೆಗೆ ಬರುವ ಮಾತೇ ಇಲ್ಲ ಎಂದರು.

ಒಂದು ವರ್ಷ... ಅವನೇ ಕೇಳಿಕೊಂಡದ್ದು!

ಅವನು ತಲೆಯೆತ್ತದೆ ಹೊರಟುಹೋದ.

ಆ ರಾತ್ರಿ ಒಂಬತ್ತಕ್ಕೆ ಬೀಗ ಬಿತ್ತು. ಹನ್ನೊಂದೂವರೆಗೆ ಅವಳು ಚಪ್ಪಲಿ ಮೆಟ್ಟಿ ಅಣ್ಣನ ಕೋಣೆಯ ಬಾಗಿಲಲ್ಲಿ ನಿಂತಳು. ವೃತ್ತದವರೆಗೆ ನಡೆದು ಬರಬೇಕು, ಅಲ್ಲೊಬ್ಬರಿದ್ದಾರೆ, ನಾಳೆ ಹೊರಟುಹೋಗುತ್ತಾರೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು.

ಅಣ್ಣ ಎದ್ದು ಕೂತ. "ಈ ಹೊತ್ತಲ್ಲಿ ಯಾವ ಹೆಂಗಸು ಹೊರಗಿರ್ತಾಳೆ?"

"ಯಾರೂ ಇಲ್ಲ ಅಂತಲೇ ಸೊನ್ನೆ ಬಂದಿರೋದು ಅಣ್ಣಾ. ನಾನಾದ್ರೂ ಇರ್ತೀನಿ."

"ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?" ಅವನ ಧ್ವನಿ ಒಡೆಯಿತು. ಅದು ಕೋಪವಲ್ಲ, ಹೆದರಿಕೆ. ಇಷ್ಟು ವರ್ಷವೂ ಅದು ಹೆದರಿಕೆಯೇ ಆಗಿತ್ತೆಂದು ಅವಳಿಗೆ ಆಗ ತಿಳಿಯಿತು.

"ಹೀಗೇ ಇದ್ರೂ ನಂಗೆ ಏನೋ ಆಗ್ತಾ ಇದೆ ಅಣ್ಣಾ. ನಿಂಗೆ ಕಾಣ್ತಿಲ್ಲ."

ಊರವರ ಕಣ್ಣು ಪರೀಕ್ಷಿಸುವವನು ಆ ಮಾತಿಗೆ ತಲೆ ತಗ್ಗಿಸಿದ. ಪಕ್ಕದಲ್ಲಿ ನಿದ್ದೆ ಬಂದವಳಂತೆ ಬಿದ್ದುಕೊಂಡಿದ್ದ ಅತ್ತಿಗೆ ಗಂಡನ ದಿಂಬಿನಡಿ ಕೈಹಾಕಿ ಬೀಗದ ಕೈ ತೆಗೆದಳು.

"ಹೋಗಿ ಬಾ. ಬೀದಿ ಹೇಗಿರತ್ತೆ ಅಂತ ಬಂದು ನಂಗೂ ಹೇಳು."

ಅವಳು ಮೆಟ್ಟಿಲಿಳಿದಳು. ಬೀದಿ ಅವಳು ನೆನೆಸಿದ್ದಕ್ಕಿಂತ ಅಗಲವಾಗಿತ್ತು. ಒಂದು ಔಷಧಿ ಅಂಗಡಿ ತೆರೆದಿತ್ತು, ಪೇಪರ್ ಕಟ್ಟು ಇಳಿಸುವವರು ಏನೋ ಹೇಳಿಕೊಂಡು ನಗುತ್ತಿದ್ದರು. ಹಿಂದೆ ಕಿಟಕಿ ತೆರೆದ ಸದ್ದಾಯಿತು. ಸರಳಿನ ಹಿಂದೆ ಈಗ ಅಣ್ಣ ನಿಂತಿದ್ದ.

ವೃತ್ತದ ದೀಪದಡಿ ಅವನಿದ್ದ. ಅವಳನ್ನು ಕಂಡು ಪುಸ್ತಕ ಕೈಯಿಂದ ಜಾರುವುದರಲ್ಲಿತ್ತು. ಅವಳು ಅವನತ್ತ ನೋಡಲಿಲ್ಲ. ನೇರವಾಗಿ, ಒಬ್ಬಳೇ, ವೃತ್ತ ದಾಟಿ ಆಚೆ ಪಾದಚಾರಿ ದಾರಿಗೆ ಹೋಗಿ ನಿಂತು, ಆಮೇಲೆ ತಿರುಗಿದಳು.

"ಎಷ್ಟಾಯ್ತು?"

"ಒಂದು," ಎಂದ. ಪುಸ್ತಕದಲ್ಲಿ ಬರೆದುಕೊಂಡ.

"ನಿನ್ನೆ ಅಣ್ಣ ಕೆಮ್ಮಿದ್ರು. ಅದಕ್ಕೆ ಕಿಟಕಿ ಹಾಕ್ಕೊಂಡೆ. ನಿಮ್ಮನ್ನ ಬೇಡ ಅನ್ನೋಕಲ್ಲ."

ಅವನು ಪುಸ್ತಕ ಕೆಳಗಿಳಿಸಿದ. "ಬೇಡ ಅಂತಲೇ ಅಂದ್ಕೊಂಡೆ ನಾನು... ಅದಕ್ಕೇ ದೂರದ ಊರು ಕೇಳಿದೆ. ಇಪ್ಪತ್ತಾರು ಊರಲ್ಲಿ ನಿಂತಿದೀನಿ. ಎಲ್ಲ ಕಡೆ ಬೆಳಗಾಗ್ಲಿ ಅಂತ ಕಾಯ್ತಿದ್ದಿದ್ದು ನಿಮಗೆ ಫೋನ್ ಮಾಡೋಕೆ. ನಂಗೆ ನೀವಂದ್ರೆ ತುಂಬಾ ಇಷ್ಟ."

"ನಂಗೂ," ಎಂದಳು ಅವಳು. ಕಣ್ಣೀರು ಒರೆಸಿಕೊಳ್ಳಲಿಲ್ಲ. "ನಾಳೆ ರೈಲು?"

"ಸಂಪಾದಕಿಯವರ ಕಾಲು ಹಿಡಿದಾದ್ರೂ ನಿಲ್ಲಿಸ್ತೀನಿ." ಒಂದು ಹೆಜ್ಜೆ ಮುಂದಿಟ್ಟು ತಡೆದ. "ಜೊತೇಲಿ ಬರ್ಲಾ?"

"ಬಂದ್ರೆ ನಾನು ಒಬ್ಬಂಟಿ ಅಲ್ವಲ್ಲ. ಎಣಿಕೆ ತಪ್ಪಲ್ವಾ?"

"ಬರೆದಾಯ್ತು. ಶಾಯೀಲಿ."

"ಜೋಡಿಯಾಗಿ ಹೋಗೋರಿಗೆ ಅಂಕಣ ಇದೆಯಾ?"

"ಇಲ್ಲ."

"ಹಾಗಾದ್ರೆ ಪುಸ್ತಕ ಮುಚ್ಚಿಡಿ," ಎಂದು ಅವಳು ಕೈ ಚಾಚಿದಳು.